ಸರಸ್ವತಿಪುರಂ: ಪಕ್ಕದ ಸೈಟಲ್ಲಿ ಹತ್ತು ಅಡಿ ತೋಡಿದ್ದಾರೆ, ನಮ್ಮ ಗೋಡೆ ಬಿರುಕು ಬಿಟ್ಟಿದೆ. ಏನು ಮಾಡಲಿ?

ದಾಸವಾಳ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಇರೋದು ಮೈಸೂರಿನ ಸರಸ್ವತಿಪುರಂನಲ್ಲಿ, ಅಗ್ನಿಶಾಮಕ ಠಾಣೆಯಿಂದ ನಡೆದರೆ ಹತ್ತು ನಿಮಿಷ. 40x60 ಸೈಟು. ಆಗ ಊರಲ್ಲಿ ಸೈಟು ಹಂಚುತ್ತಿದ್ದ ಟ್ರಸ್ಟ್ ಬೋರ್ಡಿನಿಂದ ಅಪ್ಪನಿಗೆ ಸಿಕ್ಕಿದ್ದು. 1968ರಲ್ಲಿ ಮನೆ ಕಟ್ಟಿಸಿದರು. ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಒಳಗೆಲ್ಲ ಕಾವಿ ನೆಲ. ಅಪ್ಪ ಹೋಗಿ ಹನ್ನೊಂದು ವರ್ಷ ಆಯಿತು. ಅಮ್ಮನಿಗೆ 81. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆಯಲ್ಲಿ ನಾವಿಬ್ಬರೇ. ತಮ್ಮ ಬೆಂಗಳೂರಿನಲ್ಲಿದ್ದಾನೆ.

ಎಡಗಡೆ ಮನೆ ಒಬ್ಬ ಮೇಷ್ಟರದಾಗಿತ್ತು. ಹೆಂಚಿನ ಮನೆ, ಗೇಟಿನ ಹತ್ತಿರ ಸಂಪಿಗೆ ಮರ. ಅವರು ತೀರಿಕೊಂಡ ಮೇಲೆ ಮಕ್ಕಳು ಮಾರಿದರು. ಅದು ಅವರಿಷ್ಟ, ನಾನು ಅದಕ್ಕೆ ಏನೂ ಅನ್ನಲ್ಲ. ಎರಡೇ ದಿನದಲ್ಲಿ ಜೆಸಿಬಿ ಆ ಮನೆಯನ್ನ ನೆಲಸಮ ಮಾಡಿತು. ಈಗ ಅಲ್ಲಿ ಸೆಲ್ಲಾರ್ ಇಟ್ಟು ನಾಲ್ಕು ಮಹಡಿ ಏಳುತ್ತಂತೆ. ಸೆಲ್ಲಾರ್‌ಗೆ ಅಂತ ನಮ್ಮ ಕಾಂಪೌಂಡಿನ ಬುಡದವರೆಗೂ ನೆಟ್ಟಗೆ ತೋಡಿದ್ದಾರೆ. ಕಡಿಮೆ ಅಂದರೂ ಹತ್ತು ಅಡಿ ಆಳ.

ಹೋದ ಮಂಗಳವಾರ ರಾತ್ರಿ ಜೋರು ಮಳೆ ಬಂತಲ್ವಾ, ಆವತ್ತು ಕಾಂಪೌಂಡಿನ ಕೆಳಗಿನ ಮಣ್ಣು ಕುಸಿಯಿತು. ಕಾಂಪೌಂಡು ಹಳ್ಳದ ಕಡೆ ವಾಲಿ ನಿಂತಿದೆ. ಬೆಳಿಗ್ಗೆ ಅಮ್ಮ ಕಾಫಿ ಕಾಯಿಸೋಕೆ ಅಂತ ಅಡುಗೆಮನೆಗೆ ಹೋದವರು ನನ್ನ ಕೂಗಿದರು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಒಂದು ಬಿರುಕು. ಆವತ್ತು ಕೂದಲೆಳೆಯಷ್ಟಿತ್ತು. ಇವತ್ತು ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುತ್ತೆ. ಬಚ್ಚಲುಮನೆ ಗೋಡೆಯಲ್ಲೂ ಇನ್ನೊಂದು ಬಿಟ್ಟಿದೆ.

ಸೈಟಿನಲ್ಲಿದ್ದ ಸೂಪರ್‌ವೈಸರ್‌ನ ಕರೆದು ತೋರಿಸಿದೆ. "ಹಳೇ ಮನೆ ಮೇಡಂ, ಬಿರುಕು ಬಿಡೋದು ಇದ್ದಿದ್ದೇ, ಕೊನೆಗೆ ಪ್ಯಾಚ್ ಹಾಕಿಸಿಕೊಡ್ತೀವಿ" ಅಂದ. ಐವತ್ತೈದು ವರ್ಷಕ್ಕೂ ಮೇಲೆ ಒಂದು ಗೆರೆ ಬೀಳದ ಗೋಡೆ ಒಂದೇ ರಾತ್ರಿಗೆ ಹಳೇದಾಯಿತಾ? ನನಗೆ ಅಳು ಬಂತು. ಅವನ ಎದುರು ಅಳಬಾರದು ಅಂತ ಒಳಗೆ ಬಂದುಬಿಟ್ಟೆ.

ಇನ್ನು ಬಲಗಡೆ ಕಥೆ. ಆ ಮನೆಯ ಅಣ್ಣತಮ್ಮಂದಿರು ಇಬ್ಬರೂ ವಿದೇಶದಲ್ಲಿದ್ದಾರೆ. ಇನ್ನೊಬ್ಬ ಬಿಲ್ಡರ್ ಅವರ ಜೊತೆ ಮಾತಾಡಿಕೊಂಡು, ನಮ್ಮದನ್ನೂ ಸೇರಿಸಿ ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಡಿ ಅಂತ ಬಂದಿದ್ದಾರೆ. ಅಂದರೆ ಜಾಗ ನಮ್ಮದು, ಕಟ್ಟೋದು ಅವರು, ಫ್ಲಾಟು ಹಂಚಿಕೊಳ್ಳೋದು. ಎರಡೂ ಸೇರಿದರೆ 4800 ಚದರ ಅಡಿ. ಕೆಳಗೆ ಬರೀ ಕಂಬಗಳ ನಡುವೆ ಕಾರು ನಿಲ್ಲಿಸೋ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಮೂರು ಫ್ಲಾಟು, ಒಟ್ಟು 12. ಒಂದೊಂದು 1100 ಅಡಿ. ನಮಗೆ ಮೂರು ಫ್ಲಾಟು, ಕಟ್ಟುವವರೆಗೆ ಬಾಡಿಗೆ.

ತಮ್ಮ ಕೊಡೋಣ ಅಂತಾನೆ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಆದಮೇಲೆ ಬೆಂಗಳೂರಿನವರು ಇಲ್ಲಿ ಮನೆ ಹುಡುಕೋದು ಜಾಸ್ತಿ ಆಗಿದೆ, ಇಂಥ ಅವಕಾಶ ಮತ್ತೆ ಬರಲ್ಲ ಅನ್ನೋದು ಅವನ ವಾದ. ಅವನದು ದುರಾಸೆ ಅಲ್ಲ. ನಾವಿಬ್ಬರು ಹೆಂಗಸರು ದೊಡ್ಡ ಮನೆಯಲ್ಲಿ ಒಂಟಿಯಾಗಿ ಇರ್ತೀವಿ ಅನ್ನೋ ಚಿಂತೆ ಅವನಿಗಿದೆ.

ಅಮ್ಮ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ನಕ್ಷೆ ನೋಡಿ ಒಂದೇ ಒಂದು ಕೇಳಿದರು: "ಕೆಳಗಡೆ ಮನೆನೇ ಇಲ್ವಲ್ಲ, ಕಾರು ನಿಲ್ಲಿಸೋಕೆ ನೆಲ ಬೇಕು, ಮನುಷ್ಯರಿಗೆ ಬೇಡವಾ?" ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಹಿತ್ತಲಿಗೆ ಹೋಗಿ ದಾಸವಾಳ ಕಿತ್ತು ತಂದರೇನೇ ಅವರಿಗೆ ದಿನ ಶುರುವಾಗೋದು. ಬಿಲ್ಡರ್ ಕಡೆಯವರು ಲಿಫ್ಟ್ ಇದೆ ಅಂದರು. ಅಮ್ಮ ಕೇಳಿದ್ದು ಲಿಫ್ಟ್ ಅಲ್ಲ.

ನಾನು ಅಪಾರ್ಟ್‌ಮೆಂಟಿಗೆ ವಿರೋಧಿ ಅಲ್ಲ. ಜನ ಬರುತ್ತಾರೆ, ಅವರಿಗೂ ಮನೆ ಬೇಕು. ಆದರೆ ಪಕ್ಕದವರ ಗೋಡೆ ಬೀಳಿಸದೆ ಕಟ್ಟೋಕೆ ಆಗಲ್ವಾ? ನನ್ನ ಪ್ರಶ್ನೆ ಎರಡು. ಈ ಬಿರುಕಿಗೆ ಈಗ, ಇವತ್ತೇ ಏನು ಮಾಡಬೇಕು? ಮತ್ತೆ ಬಲಗಡೆಯವರ ಮಾತಿಗೆ ಒಪ್ಪಬೇಕಾ? ಅನುಭವ ಇದ್ದವರು ಹೇಳಿ.


ಹಳೇ ಓವರ್‌ಸೀಯರ್

ನೋಡಿ ತಾಯಿ, ಎರಡನೇ ಪ್ರಶ್ನೆ ಆಮೇಲೆ. ಮೊದಲು ಇವತ್ತಿನ ಕೆಲಸ.

ಆ ಗೋಡೆ ಪಕ್ಕದ ಕೋಣೆಯಲ್ಲಿ ಯಾರೂ ಮಲಗಬೇಡಿ. ನೀರಿನ ಟ್ಯಾಂಕು ಆ ಗೋಡೆ ಮೇಲೆ ಕೂತಿದ್ದರೆ ಖಾಲಿ ಮಾಡಿಸಿ. ನಿಮ್ಮ ತಾರಸಿ ನೀರು ಆ ಕಡೆ ಬೀಳುತ್ತಿದ್ದರೆ ಪೈಪು ಹಾಕಿ ಬೇರೆ ಕಡೆ ತಿರುಗಿಸಿ. ನೆಂದ ಮಣ್ಣೇ ನಿಮಗೀಗ ದೊಡ್ಡ ಶತ್ರು. ಬಿಲ್ಡರ್‌ಗೆ ಹೇಳಿ, ಇವತ್ತೇ ಆ ಹಳ್ಳದ ಗೋಡೆಗೆ ಮರಳಿನ ಮೂಟೆ ಒತ್ತಾಗಿ ಪೇರಿಸಿ ಮೇಲೆ ಟಾರ್ಪಾಲು ಹೊದಿಸಬೇಕು. ಇದು ನಾಳೆಗೆ ಬಿಡೋ ಕೆಲಸ ಅಲ್ಲ.

ಯಾಕೆ ಹೀಗಾಯಿತು ಅಂದರೆ, ನಿಮ್ಮ ಕಾಲದ ಮನೆ ಪಾಯ ಮೂರು ನಾಲ್ಕು ಅಡಿ ಆಳ ಇರುತ್ತೆ. ಗೋಡೆಯ ಭಾರ ಪಾಯದಿಂದ ನೆಟ್ಟಗೆ ಕೆಳಗಷ್ಟೇ ಇಳಿಯಲ್ಲ, ಓರೆಯಾಗಿ ಪಕ್ಕಕ್ಕೂ ಹರಡುತ್ತೆ. ಆ ಪಕ್ಕದ ಮಣ್ಣನ್ನೇ ಹತ್ತು ಅಡಿ ತೆಗೆದರೆ ಭಾರ ಹೊರೋರು ಯಾರು? ಮಣ್ಣು ಹಳ್ಳದ ಕಡೆ ಜರುಗುತ್ತೆ, ಗೋಡೆ ಅದರ ಜೊತೆ ಹೋಗೋಕೆ ನೋಡುತ್ತೆ. ಕಿಟಕಿ ಮೂಲೆ ಗೋಡೆಯಲ್ಲಿ ಬಲ ಕಡಿಮೆ ಇರೋ ಜಾಗ, ಅದಕ್ಕೇ ಬಿರುಕು ಅಲ್ಲಿಂದ ಹೊರಟಿದೆ. ಓರೆ ಬಿರುಕು ಅಂದರೆ ಬುಡ ಕೂತಿದೆ ಅಂತ ಅರ್ಥ. ಸುಣ್ಣ, ಗಾರೆ ಹಳೇದಾಗಿ ಬರೋ ಬಿರುಕು ಹೀಗಿರಲ್ಲ.

ಸರಿಯಾದ ಕ್ರಮ ಏನು ಅಂದರೆ, ಪಕ್ಕದಲ್ಲಿ ಮನೆ ಇರುವಾಗ ಪೂರ್ತಿ ಉದ್ದ ಒಂದೇ ಸಲ ತೋಡಬಾರದು. ನಾಲ್ಕೈದು ಅಡಿ ಅಗಲದ ಒಂದು ತುಂಡು ತೋಡಬೇಕು, ಪಕ್ಕದ ತುಂಡು ಹಾಗೇ ಬಿಡಬೇಕು. ತೋಡಿದ ಕಡೆ ಮಣ್ಣು ತಡೆಯೋ ಗೋಡೆ (ರಿಟೇನಿಂಗ್ ವಾಲ್) ಎಬ್ಬಿಸಿ, ಅದು ಗಟ್ಟಿಯಾದ ಮೇಲೆ ಬಿಟ್ಟ ತುಂಡು ತೋಡಬೇಕು. ಹೀಗೆ ಮಾಡಿದರೆ ದಿನ ಜಾಸ್ತಿ ಹಿಡಿಯುತ್ತೆ, ದುಡ್ಡೂ ಜಾಸ್ತಿ. ಅದಕ್ಕೇ ಜೆಸಿಬಿ ಬಿಟ್ಟು ಒಂದೇ ದಿನದಲ್ಲಿ ತೆಗೆಸಿಬಿಡುತ್ತಾರೆ.

ಬಿರುಕಿಗೆ ಗಾಜು ಅಂಟಿಸಿ. ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತೆಳು ಪಟ್ಟಿ ಸಿಗುತ್ತೆ. ಆರಿಂಚು ಉದ್ದದ್ದು ಸಾಕು. ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿ, ನಡುವೆ ಮೆತ್ತಬೇಡಿ. ಪಕ್ಕದಲ್ಲಿ ಪೆನ್ಸಿಲಲ್ಲಿ ತಾರೀಖು ಬರೆಯಿರಿ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತೆ. ಒಡೆಯದೆ ಇದ್ದರೆ ಗೋಡೆ ನಿಂತಿದೆ ಅಂತ ಸಮಾಧಾನ. ಪ್ರತಿ ಬಿರುಕಿಗೂ ಒಂದು ಅಂಟಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ಆಮೇಲೆ ಕಾಗದ. ಕಾರ್ಪೊರೇಷನ್ ವಲಯ ಕಚೇರಿಗೆ ದೂರು ಬರೆದು ಸೀಲು ಹಾಕಿದ ನಕಲು ಇಟ್ಟುಕೊಳ್ಳಿ. ಅದೇ ದೂರನ್ನ ಬಿಲ್ಡರ್‌ಗೂ ಜಾಗದ ಮಾಲೀಕರಿಗೂ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿ. ಮಂಜೂರಾದ ಪ್ಲಾನ್ ಸೈಟಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿರಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಪ್ಲಾನಿನಲ್ಲಿ ನೋಡಬೇಕಾದ್ದು ಎರಡು: ಸೆಲ್ಲಾರ್ ಇದೆಯಾ, ನಿಮ್ಮ ಕಡೆಗೆ ಸೆಟ್‌ಬ್ಯಾಕ್, ಅಂದರೆ ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಜಾಗ, ಎಷ್ಟು ಬಿಟ್ಟಿದ್ದಾರೆ. ಪ್ಲಾನ್ ಮೀರಿ ಕಟ್ಟಿದರೆ ನಗರಪಾಲಿಕೆ ಕಾಯ್ದೆಯ 321ನೇ ಕಲಂನಲ್ಲಿ ನೋಟಿಸು ಕೊಡಬಹುದು. ಪಕ್ಕದವರ ಜಾಗದ ಮಣ್ಣಿಗೆ ಇರೋ ಆಸರೆ ತಪ್ಪಿಸೋ ಹಾಗಿಲ್ಲ ಅನ್ನೋದು 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ, ವಕೀಲರಿಗೆ ಇದನ್ನ ಹೇಳಿ.

ಒಂದು ಮಾತು ಹೇಳಲೇಬೇಕು. ಈ ಊರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಗಿದ್ದು 1903ರಲ್ಲಿ. ಅದರ ಜಾಗಕ್ಕೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಬಂದಿದ್ದು 1988ಕ್ಕೆ. ಟ್ರಸ್ಟ್ ಬೋರ್ಡ್ ಹುಟ್ಟೋಕೆ ನಾಲ್ಕೈದು ವರ್ಷ ಮುಂಚೆ ಪ್ಲೇಗು ಬಂದು ಮೈಸೂರಿನ ಒತ್ತೊತ್ತು ಕೇರಿಗಳಲ್ಲಿ ಜನ ಸತ್ತಿದ್ದರು. ಮನೆಗೂ ಮನೆಗೂ ನಡುವೆ ಗಾಳಿ ಆಡಲಿ, ಬೆಳಕು ಬೀಳಲಿ ಅಂತಲೇ ಹೊಸ ಬಡಾವಣೆ ಹಾಕಿದ್ದು. ಸೆಟ್‌ಬ್ಯಾಕ್ ಅನ್ನೋದು ಖಾಲಿ ಬಿದ್ದ ಜಾಗ ಅಲ್ಲ ತಾಯಿ. ಅದು ಎರಡೂ ಮನೆಯವರದು.


ಕಾರ್ನರ್ ಸೈಟ್, ಕುವೆಂಪುನಗರ

ಮೇಡಂ, ಜಾಯಿಂಟ್ ಡೆವಲಪ್‌ಮೆಂಟ್ ಬಗ್ಗೆ ನಾನು ಹೇಳುತ್ತೇನೆ. ನಾವು ಕೊಟ್ಟು ಅನುಭವಿಸಿದವರು.

18 ತಿಂಗಳು ಅಂದರು, ನಾಲ್ಕು ವರ್ಷ ಹಿಡಿಯಿತು. ಮೊದಲ ಇಪ್ಪತ್ತು ತಿಂಗಳು ಬಾಡಿಗೆ ಸರಿಯಾಗಿ ಬಂತು, ಆಮೇಲೆ ಫೋನ್ ಎತ್ತೋದೇ ನಿಂತಿತು. ನಮ್ಮಪ್ಪ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಸ್ವಂತ ಮನೆ ಗೃಹಪ್ರವೇಶಕ್ಕೆ ಅಂತ ತಂದಿಟ್ಟಿದ್ದ ಪಂಚೆ ಪೆಟ್ಟಿಗೆಯಲ್ಲೇ ಉಳಿಯಿತು. ಇದನ್ನ ಬರೆಯುವಾಗಲೂ ಕೈ ನಡುಗುತ್ತೆ. ಆದ್ದರಿಂದ ನಿಮಗೆ ಹೇಳೋದು, ಮಾತಲ್ಲಿ ಏನನ್ನೂ ನಂಬಬೇಡಿ. ಎಲ್ಲ ಕರಾರಿನಲ್ಲಿ ಬರಲಿ.

ಮೊದಲು ಮನೆ ಯಾರದು ಅನ್ನೋದು. ಖಾತೆ ಅಮ್ಮನ ಹೆಸರಲ್ಲಿರಬಹುದು, ಖಾತೆ ಅಂದರೆ ತೆರಿಗೆ ಕಟ್ಟೋ ದಾಖಲೆ ಅಷ್ಟೇ. ಅಪ್ಪ ವಿಲ್ ಬರೆಯದೆ ಹೋಗಿದ್ದರೆ, ಅವರ ಸ್ವಯಾರ್ಜಿತ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ನೀವು, ತಮ್ಮ ಮೂರು ಜನಕ್ಕೂ ಸಮಪಾಲು. ಅಂದರೆ ನಿಮ್ಮ ಸಹಿ ಇಲ್ಲದೆ ಏನೂ ಆಗಲ್ಲ. ಇದನ್ನ ಮನಸ್ಸಲ್ಲಿಟ್ಟುಕೊಳ್ಳಿ. ಇ-ಖಾತಾ ಈಗಲೇ ಮಾಡಿಸಿ, ಅದಿಲ್ಲದೆ ರಿಜಿಸ್ಟ್ರೇಷನ್ ಆಗಲ್ಲ.

ಮೂರು ಫ್ಲಾಟು ಅಂದರಲ್ಲ, ಅದರ ಜೊತೆ ಬರೋ ನೆಲ ಎಷ್ಟು ಅಂತ ಲೆಕ್ಕ ಹಾಕಿ. 12ರಲ್ಲಿ 3 ಅಂದರೆ ಕಾಲು ಭಾಗ. 4800 ಅಡಿಯ ಕಾಲು ಭಾಗ 1200. ಇವತ್ತು ನಿಮ್ಮ ಹತ್ತಿರ 2400 ಅಡಿ ಸ್ವಂತ ನೆಲ ಇದೆ. ನಾಳೆ ಇರೋದು 1200 ಅಡಿ, ಅದೂ ಎಲ್ಲಿದೆ ಅಂತ ಬೊಟ್ಟು ಮಾಡಿ ತೋರಿಸೋಕೆ ಆಗಲ್ಲ. ಯುಡಿಎಸ್, ಅಂದರೆ ಬೇರೆ ಮಾಡಿ ತೋರಿಸದ ನೆಲದ ಪಾಲು, ಅನ್ನೋದು ಅದನ್ನೇ. ಕೊಡಬೇಡಿ ಅಂತ ಹೇಳುತ್ತಿಲ್ಲ. ಏನು ಕೊಡುತ್ತಿದ್ದೀರಿ ಅಂತ ಗೊತ್ತಿರಲಿ.

ಬಿಲ್ಡರ್‌ಗಳ ಮೇಲೆ ಕಣ್ಣಿಡೋ ಪ್ರಾಧಿಕಾರ ರೇರಾ ಇದೆ, ಭಯ ಬೇಡ ಅಂತ ಯಾರಾದರೂ ಅಂದರೆ ನಂಬಬೇಡಿ. 500 ಚದರ ಮೀಟರ್ ಮೀರದ ಜಾಗಕ್ಕೆ ರೇರಾ ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಎರಡು ಸೈಟು ಸೇರಿ 446 ಚದರ ಮೀಟರ್ ಆಗುತ್ತೆ. ನಮ್ಮದೂ ಹೀಗೇ ಆಯಿತು. ದೂರು ಕೊಡೋಕೆ ಹೋದಾಗ, ಇದು ನೋಂದಣಿಯಾದ ಪ್ರಾಜೆಕ್ಟೇ ಅಲ್ಲ ಅಂದರು. ಹಳೇ ಬಡಾವಣೆಗಳಲ್ಲಿ ಏಳುವ ಚಿಕ್ಕ ಅಪಾರ್ಟ್‌ಮೆಂಟ್ ಎಷ್ಟೋ ಈ ಗೆರೆಯ ಕೆಳಗೇ ಬರುತ್ತವೆ.

ಪವರ್ ಆಫ್ ಅಟಾರ್ನಿ ಕೊಡಬೇಕಾದರೆ ಬಿಲ್ಡರ್ ಪಾಲಿಗೆ ಮಾತ್ರ ಕೊಡಿ. ಅದೂ ನಿಮ್ಮ ಪಾಲಿನ ಫ್ಲಾಟು ನಿಮ್ಮ ಕೈಗೆ ಬರೋವರೆಗೆ ಅವರು ಕೊನೆಯ ಎರಡು ಫ್ಲಾಟು ಮಾರೋ ಹಾಗಿಲ್ಲ ಅಂತ ಇರಲಿ. ಮೂಲ ಪತ್ರ ಕೊಡಬೇಡಿ. ಪ್ಲಾನ್ ಮಂಜೂರಾದ ತಕ್ಷಣ ಯಾವ ಮಹಡಿ, ಯಾವ ನಂಬರು ನಿಮ್ಮದು ಅಂತ ಇನ್ನೊಂದು ಕರಾರು ಮಾಡಿಸಿ. ಅಲ್ಲೀವರೆಗೆ ಮನೆ ಒಡೆಯೋಕೆ ಬಿಡಬೇಡಿ. ಮುಖ್ಯವಾಗಿ ಓಸಿ, ಅಂದರೆ ಕಟ್ಟಡ ಪ್ಲಾನ್ ಪ್ರಕಾರ ಇದೆ, ವಾಸ ಮಾಡಬಹುದು ಅಂತ ಕೊಡೋ ಪತ್ರ. ಸುಪ್ರೀಂ ಕೋರ್ಟಿನ ಅದೇ ಆದೇಶದಲ್ಲಿ, ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಯುಜಿಡಿ (ಒಳಚರಂಡಿ) ಕೊಡಬಾರದು ಅಂತಿದೆ. ಬಿಲ್ಡರ್ ಪ್ಲಾನ್ ಮೀರಿದರೆ ಕತ್ತಲಲ್ಲಿ ಕೂರೋದು ನೀವು.

ತೆರಿಗೆ ಬಗ್ಗೆ ಚಾರ್ಟರ್ಡ್ ಅಕೌಂಟೆಂಟ್ ಕೇಳಿ. 2017ರಿಂದ ವ್ಯಕ್ತಿಗಳಿಗೆ ಒಂದು ಅನುಕೂಲ ಇದೆ: ಕರಾರು ರಿಜಿಸ್ಟರ್ ಆಗಿದ್ದರೆ, ಕಟ್ಟಡ ಮುಗಿದ ಸರ್ಟಿಫಿಕೇಟ್ ಬಂದ ವರ್ಷ ತೆರಿಗೆ ಬೀಳುತ್ತೆ, ಸಹಿ ಹಾಕಿದ ವರ್ಷ ಅಲ್ಲ.


ಮೂರನೇ ಮಹಡಿ

ಅಕ್ಕ, ನಿಮ್ಮ ಗೋಡೆ ಫೋಟೋ ನೋಡಿ ಬೇಜಾರಾಯಿತು. ಆದರೆ ಈ ಕಡೆಯ ಮಾತನ್ನೂ ಒಬ್ಬರು ಹೇಳಬೇಕು ಅಲ್ವಾ.

ನಾನು ಹುಟ್ಟಿದ್ದು ಚಾಮರಾಜಪುರಂನ ಒಂದು ವಠಾರದಲ್ಲಿ. ಎಂಟು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು. ಬೆಳಿಗ್ಗೆ ಐದಕ್ಕೇ ಕೊಡ ಸಾಲು ನಿಲ್ಲುತ್ತಿತ್ತು. ಈಗ ನಾನು, ಹೆಂಡತಿ, ಮಗಳು ನಿಮ್ಮ ಪಕ್ಕದಲ್ಲಿ ಏಳುತ್ತಿರೋ ಹಾಗಿನ ಒಂದು ಕಟ್ಟಡದಲ್ಲಿದ್ದೇವೆ. ಜಯಲಕ್ಷ್ಮೀಪುರಂ, ಮೂರನೇ ಮಹಡಿ, 950 ಅಡಿ. ಅಲ್ಲಿ ಮೊದಲು ಒಂದೇ ಮನೆ ಇತ್ತಂತೆ, ಈಗ ಎಂಟು ಸಂಸಾರ ಇದೆ. ನನ್ನ ಸಂಬಳಕ್ಕೆ ಈ ಊರಿನ ಒಳಗೆ 40x60 ಸೈಟು ಕನಸಲ್ಲೂ ಸಿಗಲ್ಲ. ಈ ಫ್ಲಾಟು ಇಲ್ಲದಿದ್ದರೆ ರಿಂಗ್ ರೋಡ್ ಆಚೆ ಯಾವುದೋ ಲೇಔಟಿಗೆ ಹೋಗಬೇಕಿತ್ತು. ಅಲ್ಲಿ ನಿನ್ನೆಯವರೆಗೆ ರಾಗಿ ಹೊಲ ಇತ್ತು. ಇಲ್ಲಿ ಮಗಳು ನಡೆದು ಸ್ಕೂಲಿಗೆ ಹೋಗುತ್ತಾಳೆ. ಅಪ್ಪ ಅಮ್ಮ ಸೈಕಲ್ ದೂರದಲ್ಲಿದ್ದಾರೆ.

ಅದಕ್ಕೇ, ಹಳೇ ಬಡಾವಣೆಯಲ್ಲಿ ಕಟ್ಟಲೇಬಾರದು ಅನ್ನೋರ ಜೊತೆ ನಾನು ಸೇರಲ್ಲ. ನೀವೂ ಹಾಗೆ ಅಂದಿಲ್ಲ, ಅದು ನನಗೆ ಸಮಾಧಾನ.

ನಾವು ಪಡೋ ಕಷ್ಟ ನೀರಿಂದು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಲೆಕ್ಕ. ನಿಮ್ಮ ಇಬ್ಬರಿಗೆ 270 ಲೀಟರ್. ನಿಮ್ಮ ಬಲಗಡೆ ಪ್ಲಾನಿನ 12 ಫ್ಲಾಟಿಗೆ ತಲಾ ನಾಲ್ಕು ಜನ ಅಂತ ಹಿಡಿದರೆ 48 ಜನ, ದಿನಕ್ಕೆ 6480 ಲೀಟರ್. ರಸ್ತೆಯಲ್ಲಿರೋ ಪೈಪು ಅದೇ, ಯುಜಿಡಿ ಲೈನೂ ಅದೇ. ನಮ್ಮಲ್ಲಿ ಬಿಲ್ಡರ್ ಮಾಡಿದ ಸಂಪು ಒಂದು ದಿನಕ್ಕೂ ಸಾಲಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಹೊಡೆಸುತ್ತೇವೆ. ಹೋದ ವರ್ಷ ಎಂಟೂ ಮನೆಯವರು ದುಡ್ಡು ಹಾಕಿ ತಾರಸಿ ನೀರನ್ನ ಸಂಪಿಗೆ ತಿರುಗಿಸಿದೆವು, ಆಮೇಲೆ ಮಳೆಗಾಲದಲ್ಲಿ ಟ್ಯಾಂಕರ್ ಬೇಕಾಗಲಿಲ್ಲ. ಕೊಡೋದೇ ಆದರೆ ಸಂಪು ಎಷ್ಟು ಲೀಟರ್, ಮಳೆನೀರು ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಕೇಳಿ. ಕಿಚನ್ ಟೈಲ್ಸ್ ಯಾವ ಬಣ್ಣ ಅಂತ ಕೇಳೋದು ಆಮೇಲೆ.

ನಿಮ್ಮಮ್ಮ ಕೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನಮ್ಮ ಕಟ್ಟಡದಲ್ಲೂ ನೆಲದ ಮೇಲೆ ಯಾರೂ ಇಲ್ಲ. ಕೆಳಗಡೆ ಬರೀ ಕಾರು. ಸಂಜೆ ಹೊತ್ತು ಗೇಟಿನ ಹತ್ತಿರ ಕುಳಿತು ಮಾತಾಡೋರೇ ಇಲ್ಲ. ವಠಾರದಲ್ಲಿ ಜಗಳ ಇತ್ತು ನಿಜ, ಆದರೆ ಯಾರು ಬಂದರು ಹೋದರು ಅಂತ ಒಬ್ಬರ ಕಣ್ಣಾದರೂ ಇರುತ್ತಿತ್ತು.


ದಾಸವಾಳ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓವರ್‌ಸೀಯರ್ ಸಾರ್, ಗಾಜು ಅಂಟಿಸಿದೆ. ಬಿರುಕಿನ ಎರಡೂ ಕಡೆ ಸುಣ್ಣ ಕೆರೆದು ಒಳಗಿನ ಇಟ್ಟಿಗೆ ಕಾಣುವ ಹಾಗೆ ಮಾಡಿ, ಒದ್ದೆ ಮಾಡಿ, ಸಿಮೆಂಟು ಮೆತ್ತಿದೆ. ಎರಡು ಬಿರುಕಿಗೆ ಎರಡು ಗಾಜು. ಅಮ್ಮ ಟಾರ್ಚ್ ಹಿಡಿದು ನಿಂತಿದ್ದರು. ದೂರು ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ.

ಒಂದು ಸಂದೇಹ. ಬಲಗಡೆಯವರು ಎಫ್‌ಎಆರ್ ಎಲ್ಲ ಸರಿಯಾಗಿದೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಅಂತಾರೆ. ಎಫ್‌ಎಆರ್ ಅಂದರೆ ಏನು ಅಂತ ನನಗೆ ಅರ್ಥವಾಗೋ ಹಾಗೆ ಯಾರಾದರೂ ಹೇಳುತ್ತೀರಾ?


ಹಳೇ ಓವರ್‌ಸೀಯರ್

ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋದೇ ಎಫ್‌ಎಆರ್. ಎಲ್ಲ ಮಹಡಿಯೂ ಸೇರಿ. ಸೈಟು ಎಷ್ಟು ದೊಡ್ಡದು, ಮುಂದಿನ ರಸ್ತೆ ಎಷ್ಟು ಅಗಲ, ಇದರ ಮೇಲೆ ಅದು ನಿಲ್ಲುತ್ತೆ. ಚಿಕ್ಕ ರಸ್ತೆಗೆ ಕಡಿಮೆ, ದೊಡ್ಡ ರಸ್ತೆಗೆ ಜಾಸ್ತಿ.

ಈಗ ನೀವೇ ಬರೆದ ಲೆಕ್ಕ ನೋಡೋಣ. 12 ಫ್ಲಾಟು, ತಲಾ 1100 ಅಡಿ. ಒಟ್ಟು 13,200. ಸೈಟು 4800. ಭಾಗಿಸಿದರೆ 2.75 ಬರುತ್ತೆ. ಮೆಟ್ಟಿಲು, ಕಾರಿಡಾರು ಅಂತ ಒಂದಷ್ಟನ್ನ ಅವರು 1100ರ ಒಳಗೇ ಸೇರಿಸಿರಬಹುದು, ಅದನ್ನ ಕಳೆದರೂ ಎರಡರ ಮೇಲೇ ಇರುತ್ತೆ. ನಿಮ್ಮ ಕ್ರಾಸ್ ರೋಡಿಗೆ ಅಷ್ಟು ಸಿಗುತ್ತಾ? ನನಗೆ ಅನುಮಾನ ಇದೆ. ನಿಮ್ಮ ಸೈಟಿಗೆ ಮಾಸ್ಟರ್ ಪ್ಲಾನ್ ಪ್ರಕಾರ ಎಷ್ಟು ಎಫ್‌ಎಆರ್ ಅಂತ ಬರವಣಿಗೆಯಲ್ಲಿ ಕೊಡಿ ಅನ್ನಿ. 1.75 ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಗ 8400 ಅಡಿ. 12 ಮನೆಗೆ ಹಂಚಿದರೆ ತಲಾ 700. ಅಂದರೆ ಒಂದೋ ಫ್ಲಾಟು ಚಿಕ್ಕದಾಗಬೇಕು, ಇಲ್ಲ ಪ್ಲಾನ್ ಒಂದು, ಕಟ್ಟೋದು ಇನ್ನೊಂದು ಆಗಬೇಕು. ಎರಡನೆಯದಾದರೆ ಓಸಿ ಬರಲ್ಲ. ಕುವೆಂಪುನಗರದವರು ಹೇಳಿದ ಕತ್ತಲು ಅದೇ.

ಇನ್ನೊಂದು ದಾರಿ ಇದೆ, ಯಾರೂ ನಿಮಗೆ ಹೇಳಿಲ್ಲ. ಬಿಲ್ಡರ್ ಬೇಡ. ನಿಮ್ಮದೇ 2400 ಅಡಿಯಲ್ಲಿ ನೀವೇ ಕಟ್ಟಿಸಿ. ಕೆಳಗೆ ಅಮ್ಮನಿಗೆ ನೆಲದ ಮೇಲೇ ಮನೆ, ಮೇಲೆ ಒಂದೋ ಎರಡೋ ಮನೆ, ತಮ್ಮನಿಗೊಂದು ಅಥವಾ ಬಾಡಿಗೆಗೆ. ಒಂದು ಸಂಸಾರ ಇದ್ದ ಕಡೆ ಮೂರು ಸಂಸಾರ ಆಗುತ್ತೆ, ಹಿತ್ತಲೂ ಸ್ವಲ್ಪ ಉಳಿಯುತ್ತೆ. ಹಳೇ ಗೋಡೆ ಮೇಲೆ ಒಂದು ಮಹಡಿ ತಡೆಯುತ್ತಾ ಅನ್ನೋದನ್ನ ಸ್ಟ್ರಕ್ಚರಲ್ ಎಂಜಿನಿಯರ್ ಪಾಯ ಬಗೆದು ನೋಡಿಯೇ ಹೇಳಬೇಕು. ಈ ಬಿರುಕು ನಿಲ್ಲೋವರೆಗೆ ಆ ಮಾತು ಬೇಡ.


ದಾಸವಾಳ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಷ್ಟೋ ಜನ ಮೆಸೇಜ್ ಮಾಡಿ ಕೇಳಿದ್ದೀರಿ, ಅದಕ್ಕೆ.

ಬಚ್ಚಲುಮನೆಯ ಗಾಜು ನಾಲ್ಕನೇ ರಾತ್ರಿ ಒಡೆಯಿತು. ಟಿಕ್ ಅಂತ ಒಂದೇ ಶಬ್ದ. ಇಬ್ಬರೂ ಎದ್ದು ಕೂತೆವು. ಬೆಳಿಗ್ಗೆ ಒಡೆದ ಗಾಜಿನ ಫೋಟೋ, ತಾರೀಖು, ಹಳೇ ಫೋಟೋ ಎಲ್ಲ ಜೋಡಿಸಿಕೊಂಡು ವಲಯ ಕಚೇರಿಗೆ ಹೋದೆ. ಅದಕ್ಕೆ ಮುಂಚೆ ಎರಡು ಸಲ ಹೋದಾಗ ನೋಡ್ತೀವಿ ಅಂದಿದ್ದರು. ಗಾಜಿನ ಫೋಟೋ ನೋಡಿದ ಎಂಜಿನಿಯರ್ ಅವತ್ತೇ ಮಧ್ಯಾಹ್ನ ಬಂದರು. ಪ್ಲಾನ್ ತರಿಸಿ ಟೇಪ್ ಹಿಡಿಸಿದರು. ಸೆಲ್ಲಾರ್‌ಗೆ ಮಂಜೂರಾತಿ ಇದೆ. ಆದರೆ ನಮ್ಮ ಕಡೆ ಬಿಡಬೇಕಾದ ಸೆಟ್‌ಬ್ಯಾಕ್ ಒಳಗೂ ತೋಡಿಬಿಟ್ಟಿದ್ದರು. ಟೇಪಿನ ಇನ್ನೊಂದು ತುದಿ ಹಿಡಿದಿದ್ದು ನಾನೇ.

ಎಂಟು ದಿನ ಕೆಲಸ ನಿಂತಿತು. ಬಿಲ್ಡರ್ ಈ ಸಲ ಸೂಪರ್‌ವೈಸರ್‌ನ ಕಳಿಸಲಿಲ್ಲ, ತಾವೇ ಬಂದರು, ಜೊತೆಗೆ ಅವರ ಸ್ಟ್ರಕ್ಚರಲ್ ಎಂಜಿನಿಯರ್. ಆ ಹುಡುಗಿಗೆ ಮೂವತ್ತು ವರ್ಷ ಇರಬಹುದು. ನಮ್ಮ ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಂತು ಬಿರುಕಿನ ಮೇಲೆ ಬೆರಳಾಡಿಸಿ ನೋಡಿದಳು. ಹೊರಗೆ ಬಂದು ಬಿಲ್ಡರ್‌ಗೆ ಹೇಳಿದ ಮಾತು ನನಗೂ ಕೇಳಿಸಿತು: "ಸಾರ್, ಇದು ನಮ್ಮಿಂದಾನೇ ಆಗಿದ್ದು." ಆ ಒಂದು ಮಾತಿಗೆ ನಾನು ಅವಳಿಗೆ ಋಣಿ. ಮರಳು ಮೂಟೆ ಪೇರಿಸಿದರು. ಉಳಿದದ್ದನ್ನ ತುಂಡು ತುಂಡಾಗಿ ತೋಡಿ ಗೋಡೆ ಎಬ್ಬಿಸುತ್ತಿದ್ದಾರೆ. ಸೆಟ್‌ಬ್ಯಾಕ್ ಜಾಗ ಮತ್ತೆ ಮಣ್ಣು ತುಂಬಿಸಿ ದಮ್ಮಸು ಮಾಡಬೇಕು, ನಮ್ಮ ಕಾಂಪೌಂಡು ಹೊಸದಾಗಿ ಕಟ್ಟಿಕೊಡಬೇಕು, ಗೋಡೆ ರಿಪೇರಿ ಅವರ ಖರ್ಚು ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡಿದ್ದೇನೆ.

ಬಲಗಡೆಯವರಿಗೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿದೆ. ಎಫ್‌ಎಆರ್ ಎಷ್ಟು, ಸಂಪು ಎಷ್ಟು ಲೀಟರ್, ನೆಲದ ಮೇಲೆ ಹಿಂದುಗಡೆ ಒಂದು ಮನೆ ಕೊಡೋಕೆ ಆಗುತ್ತಾ. ಮೂರನೆಯದಕ್ಕೆ ಮಾತ್ರ ಉತ್ತರ ಬಂತು. ಪಾರ್ಕಿಂಗ್ ಲೆಕ್ಕ ಕೂಡಲ್ಲ, ಆಗಲ್ಲ ಅಂದರು. ಉಳಿದ ಎರಡಕ್ಕೆ ಇನ್ನೂ ಕಾಯುತ್ತಿದ್ದೇನೆ.

ತಮ್ಮ ಭಾನುವಾರ ಬಂದಿದ್ದ. ಓವರ್‌ಸೀಯರ್ ಸಾರ್, ಕುವೆಂಪುನಗರದವರು ಬರೆದದ್ದನ್ನ ಅವನಿಗೆ ಓದಿ ಹೇಳಿದೆ. 2400, 1200 ಅನ್ನೋ ಲೆಕ್ಕದ ಹತ್ತಿರ ಇನ್ನೊಂದು ಸಲ ಓದು ಅಂದ. ಸಂಜೆ ಇಬ್ಬರೂ ತಾರಸಿ ಹತ್ತಿದೆವು. ಆಗ್ನೇಯಕ್ಕೆ ಚಾಮುಂಡಿ ಬೆಟ್ಟದ ದೀಪ ಹತ್ತಿತ್ತು. ಬಲಗಡೆ ನಾಲ್ಕು ಮಹಡಿ ಎದ್ದರೆ ಅದು ಹೇಗೂ ಮುಚ್ಚುತ್ತೆ, ನಾವು ಸೇರಿದರೂ ಸೇರದಿದ್ದರೂ. ಅವನು ಅದನ್ನೇ ನೋಡುತ್ತಾ ನಿಂತು, "ನಾವೇ ಕಟ್ಟಿಸೋಕೆ ಬ್ಯಾಂಕ್ ಲೋನ್ ಎಷ್ಟು ಸಿಗುತ್ತೆ ಕೇಳ್ತೀನಿ ಕಣೆ" ಅಂದ. ಇನ್ನೂ ಏನೂ ತೀರ್ಮಾನ ಆಗಿಲ್ಲ. ಎಂಜಿನಿಯರ್ ಪಾಯ ನೋಡಬೇಕು, ಮೂವರೂ ಕೂತು ಮಾತಾಡಬೇಕು. ಅಮ್ಮ ಮಾತ್ರ ಹಿತ್ತಲಲ್ಲಿ ಯಾವ ಗಿಡ ಎಷ್ಟು ದೂರ ಇದೆ ಅಂತ ಹೆಜ್ಜೆ ಹಾಕಿ ಎಣಿಸುತ್ತಿದ್ದರು.

ಅಡುಗೆಮನೆ ಗಾಜಿಗೆ ಇವತ್ತಿಗೆ ಇಪ್ಪತ್ತನೇ ದಿನ. ಒಡೆದಿಲ್ಲ. ಒಡೆದ ಕಡೆ ಹೊಸದೊಂದು ಅಂಟಿಸಿದ್ದೇನೆ, ಅದೂ ಹಾಗೇ ಇದೆ. ತಾರೀಖಿನ ಪಕ್ಕ ಪ್ರತಿ ಬೆಳಿಗ್ಗೆ ಪೆನ್ಸಿಲಲ್ಲಿ ಒಂದು ಗೀಟು ಎಳೆಯೋದು ಈಗ ಅಮ್ಮನ ಕೆಲಸ, ಹೂವು ಕಿತ್ತು ತಂದ ಮೇಲೆ.